ಬರುವ ಕೊಳಗ, ಹೋಗುವ ಕೊಳಗ

ನಮ್ಮೂರ ದೇಸಾಯರಿಗೆ ಎಲ್ಲವೂ ದೊಡ್ಡದೇ ಆಗಬೇಕು. ಮೀಸೆ ದೊಡ್ಡದು, ಮುಂಡಾಸು ದೊಡ್ಡದು, ಕೆಮ್ಮಿದರೆ ಊರ ಅಗಸಿ ಬಾಗಿಲ ತನಕ ಕೇಳಬೇಕು. ಹಾಗಿರುವಾಗ ನರಗುಂದದ ಯಾವನೋ ಸಾಹುಕಾರ ಹತ್ತಿ ಒತ್ತುವ ತಿರುಪಿನ ಯಂತ್ರ ಮಾಡಿಸಿದ್ದಾನೆ, ಮೂರು ಅಂಡಿಗೆಯ, ಅಂದರೆ ಎತ್ತಿನ ಮೇಲಿನ ಮೂರು ಹೇರಿನ, ಹತ್ತಿಯನ್ನು ಒಂದರಲ್ಲಿ ಕೂಡಿಸುತ್ತಾನೆ ಎಂಬ ಸುದ್ದಿ ಬಂದರೆ ಅವರು ಹೇಗೆ ತಡೆದುಕೊಂಡಾರು?

ಕುಂಪಣಿ ಸರಕಾರದ ಕಾಲ ಅದು. ರೋಣ, ಗಜೇಂದ್ರಗಡದ ಕರಿ ನೆಲದ ಹತ್ತಿ ಎತ್ತಿನ ಬೆನ್ನ ಮೇಲೆ ಘಟ್ಟ ಇಳಿದು ಕುಮಟೆಯ ಬಂದರಕ್ಕೆ ಹೋಗುತ್ತಿತ್ತು. ಹತ್ತಿ ಅಂದರೆ ಬರೀ ಗಾಳಿ. ಹೇರಿದರೆ ಎತ್ತು ಕಾಣುತ್ತಿರಲಿಲ್ಲ, ಬಂದರದಲ್ಲಿ ತೂಗಿದರೆ ತೂಕವೂ ಕಾಣುತ್ತಿರಲಿಲ್ಲ.

ದೇಸಾಯರು ಊರ ಬಡಿಗನಾದ ಅಪ್ಪನನ್ನು ಕರೆಸಿದರು. "ಅಂವಾ ಮೂರು ಒತ್ತಿದರ ನಾವು ನಾಕು ಒತ್ತಬೇಕು. ನಾಕಕ್ಕೊಂದು! ಆಗಲಿಲ್ಲಂದ್ರ ಈ ಊರ ಬಡಿಗತನ ಕೊಣ್ಣೂರವರಿಗೆ ಹೋಗತೈತಿ, ನೋಡು."

ಬಡಿಗತನ ಎಂದರೆ ನಮಗೆ ಮನೆ, ಮುತ್ತಜ್ಜನ ಕಾಲದ ಹೊಲ, ಪ್ರತಿ ಸುಗ್ಗಿಯ ಕಾಳು, ಎಲ್ಲವೂ. ಅಪ್ಪನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು; ಅವನ ಕೈಗಳೇ ನೋಡುತ್ತಿದ್ದವು. ಆತ ನೇರ ಹಿತ್ತಲಿಗೆ ಹೋಗಿ, ಹನ್ನೆರಡು ವರ್ಷದಿಂದ ಒಣಗಲು ಇಟ್ಟಿದ್ದ ಜಾಲಿಯ ಕೊರಡನ್ನು ತಡವಿದ. ನನ್ನ ಮಗ ಹುಟ್ಟಿದ ವರ್ಷ ಕಡಿದ ಮರ ಅದು. "ತಿರುಪು ಇದರಾಗ ಕೆತ್ತೂಣು," ಅಂದ. ಅಂಥ ಇನ್ನೊಂದು ಕೊರಡು ನಮ್ಮಲ್ಲಿರಲಿಲ್ಲ.

ಲೆಕ್ಕ ಮಾತ್ರ ನನ್ನದು. ಆಗ ನನಗೆ ಮೂವತ್ತು ದಾಟಿತ್ತು, ಮಲಪ್ರಭೆಯ ಈಚೆ ನನ್ನಂಥ ಜಾಣ ಇಲ್ಲವೆಂದು ಖಾತ್ರಿಯಾಗಿತ್ತು. ಒತ್ತುವ ಪೆಟ್ಟಿಗೆ ಚೌಕಾಗಿದ್ದರೆ ಕೋಲು ಹಿಡಿದು ಅಳೆದು ಮುಗಿಸಬಹುದಿತ್ತು. ಆದರೆ ಅಂಡಿಗೆ ಎತ್ತಿನ ಪಕ್ಕೆಗೆ ಒಪ್ಪವಾಗಿ ಕೂರಬೇಕು ಎಂದು ದೇಸಾಯರು ಪೆಟ್ಟಿಗೆಯ ತಳವನ್ನು ತೊಟ್ಟಿಲಿನಂತೆ ಬಾಗಿಸಲು ಹೇಳಿದ್ದರು. ಬಾಗಿದ್ದಕ್ಕೆ ಕೋಲು ಏನು ಮಾಡೀತು? ನಾನು ಕಾಳಿನಿಂದ ಅಳೆಯುವ ಉಪಾಯ ಹೂಡಿದೆ. ಪೆಟ್ಟಿಗೆಯ ತುಂಬ ಜೋಳ ಸುರಿದು ಎಷ್ಟು ಕೊಳಗ ಹಿಡಿಯುತ್ತದೆ ಎಂದು ಎಣಿಸುವುದು. ಖಾಲಿ ಮಾಡಿ, ಅದರ ಕಾಲು ಪಾಲು ಕೊಳಗ ಮತ್ತೆ ಸುರಿದು, ಕಾಳು ನಿಂತಲ್ಲಿ ಗೆರೆ ಎಳೆಯುವುದು. ಒತ್ತುವ ಹಲಗೆ ಆ ಗೆರೆಗೆ ಬಂದು ನಿಲ್ಲುವಷ್ಟು ತಿರುಪಿನ ಉದ್ದ. ಅಷ್ಟೇ!

ಮೊದಲ ದಿನ ರೈತರು ಕೋರಿನ ಕಾಳು, ಅಂದರೆ ಬೆಳೆಯಲ್ಲಿ ಧಣಿಯ ಪಾಲು, ತಂದಿದ್ದರು. ಕಣಜಕ್ಕೆ ಹೋಗುವ ಮೊದಲು ಅದನ್ನೇ ಪೆಟ್ಟಿಗೆಗೆ ಹಾಕಿಸಿದೆ. ದೇಸಾಯರ ವಾಡೆಯ ಅಳತೆಗಾರ ಅಳೆದು ಕೊಟ್ಟ: ನೂರಾ ಇಪ್ಪತ್ತು ಕೊಳಗ. ಮರುದಿನ ಕಣಜದಿಂದ ಮೂವತ್ತು ಕೊಳಗ ತಂದು ಸುರಿದ. ಗೆರೆ ಎಳೆದೆ. ಹಲಗೆಯ ದಪ್ಪ ಕಳೆಯುವುದನ್ನೂ ಮರೆಯಲಿಲ್ಲ. ಎಂಥ ಜಾಣ ಅಂತೀರಿ!

ಮೂರು ತಿಂಗಳು ಅಪ್ಪ ಆ ತಿರುಪನ್ನು ಕೆತ್ತಿದ. ನಾನು ಬಾಚಿ ಹಿಡಿದರೆ, ಅವನು ಬೆರಳಿನಿಂದ ಸುತ್ತು ಸುತ್ತನ್ನೂ ತಡವಿ, "ಇಲ್ಲಿ ಒಂದು ಕೂದಲೆಳಿ ತಗಿ," ಅನ್ನುತ್ತಿದ್ದ.

ಒತ್ತುವ ದಿನ ಊರೆಲ್ಲ ವಾಡೆಯಲ್ಲಿತ್ತು. ಎಂಟು ಆಳು ತಿರುವಿದರು. ಹತ್ತಿ ಕುಗ್ಗಿತು, ಕುಗ್ಗಿತು, ಆಮೇಲೆ ಕಲ್ಲಾಯಿತು. ಗೆರೆಗೆ ಇನ್ನೂ ಒಂದು ಸುತ್ತು ಉಳಿದಿತ್ತು. ಅಪ್ಪ ತಿರುಪಿನ ಮೇಲೆ ಕೈಯಿಟ್ಟು ನಿಂತಿದ್ದ.

"ತಮ್ಮಾ, ಸಾಕು ಬಿಡು. ಕಟಗಿ ನರಳಾಕತ್ತೈತಿ."

"ಇನ್ನೊಂದ ಸುತ್ತು ಅಪ್ಪಾ. ಲೆಕ್ಕ ಸುಳ್ಳಾಗಂಗಿಲ್ಲ."

ಮುಕ್ಕಾಲು ಸುತ್ತಿಗೆ ಜಾಲಿ ಸೀಳಿತು. ಆ ಸದ್ದು ಈಗಲೂ ನನ್ನ ಹಲ್ಲಿನಲ್ಲಿದೆ. ಅಪ್ಪ ಸೀಳಿನುದ್ದಕ್ಕೂ ಕೈಯಾಡಿಸಿ ಅಲ್ಲೇ ಕೂತುಬಿಟ್ಟ. ನನ್ನ ನಾಲಗೆ ಸುಡಲಿ, ಅವನ ಮಾತು ಕೇಳಬಾರದಿತ್ತೇ ನಾನು!

"ನಾಳೆ ತೀರ್ಪು," ಎಂದು ದೇಸಾಯರು ಎದ್ದರು. ಕೊಣ್ಣೂರಿಗೆ ಆಳು ಕಳಿಸುವ ಮಾತೂ ಆಯಿತು.

ಬೆಳಿಗ್ಗೆ ತೀರ್ಪಿನ ಹೊತ್ತಿಗೆ ಮುಂಚೆಯೇ ವಾಡೆಗೆ ಹೋಗಿ ಕಣಜದ ಕಟ್ಟೆಯ ಮೇಲೆ ಹ್ಯಾಪು ಮೋರೆ ಹಾಕಿಕೊಂಡು ಕೂತೆ. ಅಳತೆಗಾರ ಆಳುಗಳಿಗೆ ಕೂಲಿಯ ಜೋಳ ಅಳೆಯುತ್ತಿದ್ದ. ಕೊಳಗ ತುಂಬುವುದು, ಅಂಗೈಯಿಂದ ತಲೆ ಸವರುವುದು, ಕೊಡುವುದು. ಅಷ್ಟರಲ್ಲಿ ಮುಶಿಗೇರಿಯ ರೈತ ಕೋರಿನ ಕಾಳಿನ ಬಂಡಿ ತಂದ. ಅದೇ ಅಳತೆಗಾರ, ಅದೇ ಕೊಳಗ. ಈಗ ಅಂಗೈ ಸವರಲಿಲ್ಲ. ಕಾಳು ಗೋಪುರ ಏರಿ, ಇನ್ನೊಂದು ಕಾಳು ಹಾಕಿದರೆ ಜಾರೀತು ಅನ್ನುವ ತನಕ ತುಂಬಿತು. ಅವನನ್ನು ಕೇಳಿದರೆ ತಾನು ಬೇರೆ ಬೇರೆ ಅಳೆಯುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ. ಧಣಿಯ ಒಳಗೆ ಬರುವುದು ಗೋಪುರ, ಹೊರಗೆ ಹೋಗುವುದು ಸವರಿದ್ದು. ಕೈಗೆ ಹಾಗೇ ರೂಢಿಯಾಗಿತ್ತು.

ಕಟ್ಟೆಯಿಂದ ಎದ್ದು ನಿಂತೆ. ಪೆಟ್ಟಿಗೆ ತುಂಬಿದ್ದು ಗೋಪುರದ ಕೊಳಗದಿಂದ, ಗೆರೆ ಎಳೆದದ್ದು ಸವರಿದ ಕೊಳಗದಿಂದ. ಒಂದೊಂದು ಗೋಪುರದಲ್ಲಿ ಕಾಲು ಕೊಳಗ ಹೆಚ್ಚು; ಗೋಪುರದ ನೂರಾ ಇಪ್ಪತ್ತು ಅಂದರೆ ಸವರಿದ ನೂರೈವತ್ತು. ನಾಲ್ಕಕ್ಕೊಂದು ಎಂದುಕೊಂಡು ಐದಕ್ಕೊಂದು ಒತ್ತಲು ಹೋಗಿದ್ದೆವು!

ಓಡಿ ಹೋಗಿ ಅಪ್ಪನಿಗೆ ಹೇಳಿದೆ. ಆತ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅಂದ: "ಇದನ್ನ ಹ್ಯಾಂಗ ಹೇಳತಿ? ಧಣಿ ಕಣಜ ಕಳ್ಳ ಕಣಜ ಅಂದಂಗ ಆಗತೈತಿ. ನೀ ಸುಮ್ಮಿರು, ನಾ ಮಾತಾಡತೀನಿ."

ತೀರ್ಪಿಗೆ ಎಲ್ಲರೂ ಸೇರಿದ್ದರು. ಮುಶಿಗೇರಿಯವನೂ ಅರ್ಧ ಅಳೆದ ಬಂಡಿ ಬಿಟ್ಟು ಬಂದು ನಿಂತಿದ್ದ. ದೇಸಾಯರು, "ಏನೋ ಬಡಿಗ್ಯಾ, ಲೆಕ್ಕ ಎಲ್ಲಿ ತಪ್ಪಿತು?" ಎಂದು ಗುಡುಗಿದರು.

ಅಪ್ಪ ಕೈ ಮುಗಿದ. "ತಪ್ಪು ನಂದ ರೀ ಧಣ್ಯಾರ. ಹೊಸಾ ತಿರುಪು ಮಾಡಿ ಕೊಡತೀನಿ. ಒಂದ ಮಾತು ಅಪ್ಪಣಿ ಆಗಬೇಕು. ಯಾವ ಕೊಳಗ ಹಿಡೀಲಿರಿ? ಬರೂದೋ, ಹೋಗೂದೋ?"

ಅಳತೆಗಾರ ತನ್ನ ಅಂಗೈ ನೋಡಿಕೊಂಡ. ಹಿಂದಿನಿಂದ ಯಾರೋ ಕೆಮ್ಮಿದರು, ಇನ್ನೊಬ್ಬರು ಕೆಮ್ಮಿದರು, ರೈತರಿಗೆಲ್ಲ ಒಮ್ಮೆಲೇ ಕೆಮ್ಮು ಹತ್ತಿತು. ದೇಸಾಯರ ಮೀಸೆ ಎರಡು ಸಲ ಏರಿ ಇಳಿಯಿತು. ಬರುವುದು ಅಂದರೂ ಸಿಕ್ಕಿಬಿದ್ದರು, ಹೋಗುವುದು ಅಂದರೂ ಸಿಕ್ಕಿಬಿದ್ದರು. ನರಗುಂದದ ಸಾಹುಕಾರ ಮಾತ್ರ ಅತ್ತ ಮೂರಕ್ಕೊಂದು ಒತ್ತುತ್ತಲೇ ಇದ್ದ.

"ಯಂತ್ರ ಮುಗಿಯೂತನಕ ಎಲ್ಲಾದಕ್ಕೂ ಒಂದ ಅಳತಿ," ಅಂದರು ಕಡೆಗೆ. "ಸವರಿದ್ದು."

ಬಡಿಗತನ ಉಳಿಯಿತು. ಅಂಗಳದಲ್ಲಿ ಅಳತೆಗಾರ ರೂಢಿಯಂತೆ ಗೋಪುರ ಏರಿಸಿದವನು, ತಲೆ ತಗ್ಗಿಸಿ ಅಂಗೈಯಿಂದ ಸವರಿದ. ಜೋಳ ಮುಶಿಗೇರಿಯವನ ಚೀಲಕ್ಕೇ ಮರಳಿ ಬಿತ್ತು. ಅವನು ಅದನ್ನೇ ನೋಡುತ್ತ ನಿಂತಿದ್ದ.

ಮೊದಲ ತಿರುಪನ್ನು ಮೂರು ತಿಂಗಳಲ್ಲಿ ಕೆತ್ತಿದ್ದ ಅಪ್ಪ ಎರಡನೆಯದಕ್ಕೆ ಮೂರು ಸುಗ್ಗಿ ತೆಗೆದುಕೊಂಡ. ದೇಸಾಯರು ಆಳಿನ ಮೇಲೆ ಆಳು ಕಳಿಸಿದರು. ಅಪ್ಪ ಅವರೇ ತರಿಸಿಕೊಟ್ಟ ಹೊಸ ಕೊರಡನ್ನು ತಡವುತ್ತ ಪ್ರತಿ ಸಲ ಅದೇ ಉತ್ತರ ಹೇಳಿದ: "ಏನ್ ಮಾಡ್ಲಿರಿ, ಕಣ್ಣು ಕಾಣಂಗಿಲ್ಲ."