ಗೆದ್ದವನ ಹೊಟ್ಟೆಕಿಚ್ಚು

ನಾನು ಓದು ನಿಲ್ಲಿಸಿದ್ದು ೧೯೮೭ರಲ್ಲಿ, ಎಂಟನೇ ತರಗತಿಯ ನಡುವೆ. ಬಡತನ ಬಿಡಿಸಿತು ಎಂದು ಬರೆದರೆ ನಿಮಗೆ ಅಯ್ಯೋ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ನನ್ನನ್ನು ಬಿಡಿಸಿದ್ದು ಭಿನ್ನರಾಶಿ. ಮೇಲಿನ ಅಂಕಿಗೂ ಕೆಳಗಿನ ಅಂಕಿಗೂ ಯಾಕಷ್ಟು ಜಗಳ ಎಂದು ನನಗೆ ಕೊನೆಗೂ ತಿಳಿಯಲಿಲ್ಲ. ಅವತ್ತಿನಿಂದ ದುಡಿದು ತಿಂದಿದ್ದೇನೆ, ಯಾರ ಹಂಗಿನಲ್ಲೂ ಇಲ್ಲ. ತಮಿಳುನಾಡಿನ ತಿರುಪ್ಪೂರಿನಲ್ಲಿ, ಅನುಪ್ಪರ್‌ಪಾಳ್ಯದ ಹಿಂದಿನ ಬೀದಿಯಲ್ಲಿ ನನ್ನದೇ ಒಂದು ಬನಿಯನ್ ಕಂಪನಿ ಇದೆ. ಕಂಪನಿ ಎಂದೊಡನೆ ದೊಡ್ಡದಾಗಿ ಊಹಿಸಬೇಡಿ. ನಾಲ್ಕು ಹೊಲಿಗೆ ಯಂತ್ರ, ಒಂದು ಫ್ಯಾನು ಇದ್ದರೆ ಈ ಊರಿನಲ್ಲಿ ಅದು ಕಂಪನಿ. ಮನೆಮಾತು ಕನ್ನಡವಾದರೂ ಶಾಲೆಯಲ್ಲಿ ಓದಿದ್ದು ತಮಿಳು; ಕನ್ನಡ ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ಕೊಳ್ಳೇಗಾಲದಿಂದ ಕೆಲಸಕ್ಕೆ ಬಂದಿದ್ದ ಒಬ್ಬ ಟೈಲರನ ಹತ್ತಿರ. ಅಲ್ಲಿಯವರೆಗೆ ನಮ್ಮ ಮನೆಯ ಮಾತನ್ನು ಬರೆಯಲೂಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ.

ಇಷ್ಟು ಜಂಬ ಮೊದಲೇ ಕೊಚ್ಚಿಕೊಂಡದ್ದಕ್ಕೆ ಕಾರಣವಿದೆ. ಇನ್ನು ಹೇಳಲಿರುವ ವಿಷಯದಲ್ಲಿ ಜಂಬಪಡುವಂಥದ್ದು ಏನೂ ಇಲ್ಲ. ಈ ಸಲದ ಚುನಾವಣೆಯಲ್ಲಿ ನಾನು ಓಟು ಹಾಕಿದ ಪಕ್ಷ ಗೆದ್ದಿತು. ಗೆದ್ದ ಮರುವಾರದಿಂದ ನನಗೆ ಸೋತವರ ಮೇಲೆ ಹೊಟ್ಟೆಕಿಚ್ಚು.

ಸರಿಯಾಗಿ ಹೇಳಿದರೆ, ಸೋತ ಇಬ್ಬರ ಮೇಲೆ. ಒಬ್ಬ ದೊರೈಸಾಮಿ, ನನ್ನ ಕಂಪನಿಯ ಕಟಿಂಗ್ ಮಾಸ್ಟರ್. ನಾವಿಬ್ಬರೂ ಒಂದೇ ವರ್ಷ ಒಂದೇ ಕಡೆ ಕೆಲಸಕ್ಕೆ ಸೇರಿದವರು. ಒಬ್ಬರನ್ನೊಬ್ಬರು ಬಾವ ಎನ್ನುತ್ತೇವೆ. ಯಾವ ಕಡೆಯಿಂದ ಬಾವ ಎಂದು ಇವತ್ತಿನವರೆಗೆ ಯಾರೂ ವಿಚಾರಿಸಿಲ್ಲ. ಇನ್ನೊಬ್ಬ ಸೆಲ್ವರಾಜ್. ಪಕ್ಕದ ಬೀದಿಯಲ್ಲಿ ಅಂಗಿಗೆ ಗುಂಡಿ ಹಾಕುವ ಯಂತ್ರ ಇಟ್ಟುಕೊಂಡವನು. ಫಲಿತಾಂಶದ ದಿನದವರೆಗೆ ಇವರಿಬ್ಬರಿಗೆ ಬರಿಯ ಮುಖ ಪರಿಚಯ. ಒಂದೇ ಪಕ್ಷದಲ್ಲಿ ಸೋತದ್ದೇ ತಡ, ಒಂದೇ ಬೆಂಚಿನಲ್ಲಿ ಟೀ, ಒಂದೇ ಫೋನಿಗೆ ಎರಡು ತಲೆ ಬಗ್ಗಿಸಿ ವಿಡಿಯೊ ನೋಡುವುದು, ಒಟ್ಟಿಗೆ ನಿಟ್ಟುಸಿರು ಬಿಡುವುದು. ಗೆದ್ದವರಿಗೆ ಈ ಸುಖ ಇಲ್ಲ. ಗೆದ್ದವರು ಒಂದು ದಿನ ಪಟಾಕಿ ಹೊಡೆದು ಅವರವರ ಮನೆಗೆ ಹೋಗಿಬಿಡುತ್ತಾರೆ. ಸೋತವರಿಗೆ ಐದು ವರ್ಷಕ್ಕಾಗುವಷ್ಟು ಮಾತು ಸಿಗುತ್ತದೆ.

ತಪ್ಪು ನನ್ನದೇ ಎಂದು ಒಪ್ಪುತ್ತೇನೆ, ಆದರೆ ನಿಧಾನವಾಗಿ. ಪ್ರಚಾರದ ತಿಂಗಳಲ್ಲಿ ಮೂರು ಪಕ್ಷದ ಬನಿಯನ್ನುಗಳನ್ನೂ (ಟೀ-ಶರ್ಟಿಗೂ ಈ ಊರಿನಲ್ಲಿ ಬನಿಯನ್ ಎಂದೇ ಹೆಸರು) ನಾವು ಒಂದೇ ಮೇಜಿನ ಮೇಲೆ ಕತ್ತರಿಸಿದ್ದೆವು. ಬಣ್ಣ ಬದಲಾದಾಗ ಮೇಜು ಒರೆಸುತ್ತಿದ್ದೆವು, ಅಷ್ಟೆ. ಆಗ ಹುಟ್ಟದ ಜಗಳ ಫಲಿತಾಂಶದ ದಿನ ಹುಟ್ಟಿತು. ನಾನು ಎಲ್ಲರಿಗೂ ಲಡ್ಡು ಹಂಚಿದೆ. ದೊರೈಸಾಮಿ ಬೇಡವೆಂದ. ಅಲ್ಲಿಗೆ ಬಿಡಬಹುದಿತ್ತು. ಬಿಡದೆ ಅವನು ನಿಲ್ಲುವ ಜಾಗದಲ್ಲಿ, ಮೇಜಿನ ಆ ತುದಿಯಲ್ಲಿ, ಕಾಗದದ ಮೇಲೆ ಎರಡು ಲಡ್ಡು ಇಟ್ಟು ಬಂದೆ. ಒಂದು ಸಾಲದು ಎಂದು ಎರಡು. ಅವನು ಮುಟ್ಟಲಿಲ್ಲ. ಸಂಜೆಯೊಳಗೆ ಇರುವೆಗಳು ಯಾವ ಪಕ್ಷದ್ದೆಂದು ಕೇಳದೆ ತಿಂದು ಮುಗಿಸಿದವು.

ಆಮೇಲೆ ಮಾತು ನಿಂತಿತು. ಕೆಲಸ ನಿಲ್ಲಲಿಲ್ಲ. ಇಲ್ಲಿ ನಮ್ಮ ಕಸುಬಿನ ಒಂದು ವಿಷಯ ಹೇಳಬೇಕು. ಓದಿದವರು ಇಂಥ ಕಡೆ ಪುರಾಣದಿಂದ ಏನಾದರೂ ಎತ್ತಿ ಹೇಳುತ್ತಾರೆ. ನನಗೆ ಬಟ್ಟೆ ಬಿಟ್ಟರೆ ಬೇರೆ ಶಾಸ್ತ್ರ ಗೊತ್ತಿಲ್ಲ. ಬನಿಯನ್ ಬಟ್ಟೆಯನ್ನು ಕತ್ತರಿಸುವ ಮೊದಲು ಮೇಜಿನ ಮೇಲೆ ಪದರ ಪದರವಾಗಿ ಹಾಸಬೇಕು. ಆ ತುದಿಗೊಬ್ಬ, ಈ ತುದಿಗೊಬ್ಬ. ನಾನು ಮಾಲೀಕನಾದ ಮೇಲೂ ದೊರೈಸಾಮಿಯ ಎದುರು ತುದಿ ಹಿಡಿಯುವುದನ್ನು ಬಿಟ್ಟಿಲ್ಲ. ನೇಯ್ದ ಬಟ್ಟೆ ಎಳೆದರೂ ಇದ್ದಷ್ಟೇ ಇರುತ್ತದೆ. ಬನಿಯನ್ ಬಟ್ಟೆ ಹಾಗಲ್ಲ, ಅದು ಹೆಣೆದದ್ದು. ಎಳೆದರೆ ಏನೂ ಹೇಳದೆ ಹಿಗ್ಗಿ ನಿಲ್ಲುತ್ತದೆ. ಕತ್ತರಿ ಬಿದ್ದು, ಹೊಲಿಗೆ ಮುಗಿದು, ಎಲ್ಲ ಆದ ಮೇಲೆ ಮೆಲ್ಲಗೆ ತನ್ನ ಜಾಗಕ್ಕೆ ವಾಪಸು ಹೋಗುತ್ತದೆ. ಅದಕ್ಕೇ ಬಟ್ಟೆಯನ್ನು ಹಾಸುವಾಗ ಎಳೆಯಬಾರದು, ಮಲಗಿಸಬೇಕು. ಮೂವತ್ತೈದು ವರ್ಷಗಳಿಂದ ನಾವಿಬ್ಬರು ಮಲಗಿಸುತ್ತಲೇ ಬಂದವರು. ಹಾಸುತ್ತಾ ಮಾತಾಡುತ್ತಿದ್ದೆವು, ನಮ್ಮ ಮನೆಮಾತಿನಲ್ಲಿ. ಹೊಲಿಗೆಯವರು ತಮಿಳರು, ಒಡಿಶಾದವರು, ಬಿಹಾರದವರು. ಆ ಮೇಜಿನ ಎರಡು ತುದಿಯ ನಡುವೆ ಮಾತ್ರ ಕನ್ನಡ.

ಮಾತು ಬಿಟ್ಟ ಎರಡು ವಾರ ಒಬ್ಬರ ಮುಖ ಒಬ್ಬರು ನೋಡದೆ ಹಾಸಿದೆವು. ನನಗೆ ಮನೆಗೆ ಹೋದರೂ ನೆಮ್ಮದಿ ಇಲ್ಲ. ನನ್ನ ಹೆಂಡತಿ ರುಕ್ಮಿಣಿ ಮೂರು ದಿನ ನೋಡಿ, ನಾಲ್ಕನೆಯ ದಿನ ಕೇಳಿಯೇಬಿಟ್ಟಳು: "ಗೆದ್ದವ್ರು ನೀವು. ಕುರ್ಚಿ ಕಳ್ಕೊಂಡವ್ನಂಗೆ ಮೊಕ ಯಾಕೆ ಮಡಿಕ್ಕೊಂಡಿದ್ದೀರಿ?" ಎದೆ ಕೆಳಗೆ ಉರಿ ಎಂದೆ. ಡಾಕ್ಟರ್ ಹತ್ತಿರ ಕಳಿಸಿದಳು. ಅವರು ಖಾರ ಕಡಿಮೆ ಮಾಡಿ ಎಂದು ಮಾತ್ರೆ ಬರೆದುಕೊಟ್ಟರು. ಕನ್ನಡವೂ ತಮಿಳೂ ಬೇರೆ ಯಾವುದರಲ್ಲಿ ಜಗಳವಾಡಿದರೂ ಈ ಕಾಯಿಲೆ ಹೊಟ್ಟೆಯಲ್ಲಿದೆ, ಉರಿಯಾಗಿ ಇದೆ ಎನ್ನುವುದರಲ್ಲಿ ಎರಡಕ್ಕೂ ಒಮ್ಮತವಿದೆ: ನಮ್ಮಲ್ಲಿ ಹೊಟ್ಟೆಕಿಚ್ಚು, ಅವರಲ್ಲಿ ವಯಿತ್ತೆರಿಚ್ಚಲ್. ಡಾಕ್ಟರಿಗೆ ಮಾತ್ರ ಅದರ ಹೆಸರು ಗೊತ್ತಿಲ್ಲ.

ಸೆಲ್ವರಾಜನನ್ನು ಗಮನಿಸುವುದು ನನ್ನ ಕೆಲಸವಾಯಿತು. ಅವನ ನಗು ಜೋರು. ಟೀ ಕುಡಿಯುವಾಗ ಗ್ಲಾಸನ್ನು ಎರಡು ಕೈಯಲ್ಲಿ ಹಿಡಿಯುತ್ತಾನೆ, ಏನೋ ಪ್ರಸಾದ ಎಂಬಂತೆ. ಅವನಲ್ಲಿ ಇಲ್ಲದ ದೋಷಗಳನ್ನೂ ಕಂಡುಹಿಡಿದೆ. ಇಷ್ಟನ್ನೂ ಸಹಿಸಿಕೊಳ್ಳುತ್ತಿದ್ದೆನೇನೋ. ಒಂದು ಬೆಳಿಗ್ಗೆ ನಾನು ಟೀ ಅಂಗಡಿ ದಾಟುವಾಗ ಆ ಸೆಲ್ವರಾಜ್, ಅಪ್ಪಟ ತಮಿಳ, ಹಲ್ಲು ಬಿಟ್ಟುಕೊಂಡು, "ಏನ್ ಬಾವ, ತಿಂಡಿ ಆತಾ?" ಎಂದ. ಕನ್ನಡದಲ್ಲಿ. ಪಕ್ಕದಲ್ಲಿ ದೊರೈಸಾಮಿ ನೆಲ ನೋಡುತ್ತಿದ್ದ.

ಅವತ್ತು ನಾನು ತಿಂಡಿ ತಿನ್ನಲಿಲ್ಲ. ಓಟು ದೊರೈಸಾಮಿಯ ಇಷ್ಟ. ಟೀ ಕೂಡ ಅವನ ಇಷ್ಟ ಎನ್ನೋಣ. ಆದರೆ ಮೇಜಿನ ಮೇಲಿನ ಮಾತನ್ನು ಬೀದಿಗೆ ಒಯ್ದು ಹಂಚುವುದೆಂದರೇನು? ಅದೇ ಬಿಸಿಯಲ್ಲಿ ಮಧ್ಯಾಹ್ನ ಈರೋಡಿನ ಒಂದು ಅಂಗಡಿಗೆ ಹೋಗಬೇಕಾದ ಬಟ್ಟೆ ಹಾಸಿದೆವು. ನನ್ನ ತುದಿ ನಾನು ಹೇಗೆ ಹಿಡಿದೆನೋ ನನಗೆ ನೆನಪಿಲ್ಲ.

ಹಾಸಿದ ಐದನೆಯ ದಿನ ನೆನಪಾಯಿತು. ಹೊಲಿದ ಬಟ್ಟೆಗಳನ್ನು ಅಳತೆ ನೋಡುವ ಸರೋಜಾ ಟೇಪು ಕೊರಳಲ್ಲಿ ಹಾಕಿಕೊಂಡು ಒಂದು ಬನಿಯನ್ ಎತ್ತಿ ಹಿಡಿದಳು. ಚೀಟಿಯಲ್ಲಿ ದೊಡ್ಡ ಅಳತೆ ಎಂದಿದೆ, ಬಟ್ಟೆ ಮಾತ್ರ ಒಂಬತ್ತನೇ ತರಗತಿಯ ಹುಡುಗನದು. ಇನ್ನೊಂದು ತೆಗೆದಳು, ಅದೂ ಅಷ್ಟೆ. ಇಡೀ ಹಾಸು ಹಾಗೆಯೇ. ನಂಬದೆ ನಾನೇ ಒಂದನ್ನು ತೊಟ್ಟು ನೋಡಿದೆ. ಹೊಕ್ಕುಳು ಮುಚ್ಚಲಿಲ್ಲ. ಯಂತ್ರಗಳು ಒಂದೊಂದಾಗಿ ನಿಂತವು. ಮಾಲೀಕನನ್ನು ಕಂಡು ನಗಬಾರದೆಂದು ಹದಿನಾರು ಜನ ಪಡುತ್ತಿದ್ದ ಪಾಡು ನೋಡಲಾಗುತ್ತಿರಲಿಲ್ಲ.

ದೊರೈಸಾಮಿ ಬಂದು ಬನಿಯನ್ನಿನ ಅಂಚು ಹಿಡಿದು ನೋಡಿದ. ಕೈಯಲ್ಲಿ ಮುಟ್ಟಿದರೆ ಸಾಕು, ಅವನಿಗೆ ತಿಳಿಯುತ್ತದೆ.

"ಎಳ್ದಿದೀಯ ನೀನು," ಎಂದ. ಹದಿನೇಳು ದಿನಕ್ಕೆ ಅದು ಮೊದಲ ಮಾತು.

"ನೀ ಎಳೀಲಿಲ್ಲವಾ?"

"ನೀ ಎಳ್ದೆ. ಬಿಟ್ರೆ ಬಟ್ಟೆ ನಿನ್ ಕಡಿಕೆ ಓಯ್ತದೆ. ಅದುಕ್ಕೆ ನಾನೂ ಎಳ್ದೆ."

ಮೂವತ್ತೈದು ವರ್ಷದ ಅನುಭವದ ಇಬ್ಬರು, ನೆನ್ನೆ ಸೇರಿದವನೂ ಮಾಡದ ತಪ್ಪು ಮಾಡಿ ಕೂತಿದ್ದೆವು. ಅದರ ಬಗ್ಗೆ ಮಾತಾಡಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. ಹೊಕ್ಕುಳು ಕಾಣುವ ಬನಿಯನ್ನಿನಲ್ಲಿ ನಿಂತುಕೊಂಡೇ ಕೇಳಿದೆ: "ಆ ಸೆಲ್ವರಾಜನ್ಗೆ ನಮ್ ಮಾತು ಯಾಕೆ ಕಲಿಸ್ದೆ?"

ಅವನು ಬನಿಯನ್ನಿನ ಅಂಚನ್ನು ಕೈಯಿಂದ ಬಿಟ್ಟ. ಆಮೇಲೆ ಅಂದ: "ಮೇಜತ್ರ ಮಾತಾಡಾಕೆ ಆಳಿರ್ನಿಲ್ಲ ಬಾವ. ಯಾರತ್ರಾನಾರ ಆಡ್ಬೇಕಲ್ಲ."

ನಾನು ಬನಿಯನ್ ಬಿಚ್ಚುವ ನೆಪದಲ್ಲಿ ಮುಖವನ್ನು ಸ್ವಲ್ಪ ಹೊತ್ತು ಅದರೊಳಗೇ ಇಟ್ಟುಕೊಂಡೆ. ಹೊರಗೆ ಬಂದಾಗ, ಲಡ್ಡು ಇಟ್ಟದ್ದು ತಪ್ಪು ಎಂದೆ. "ಒಂದೇ ಆಗಿದ್ರೆ ಓಗ್ಲಿ ಬುಡು ಅಂತಿದ್ದೆ, ಎರಡು ಜಾಸ್ತಿ ಆತು," ಎಂದು ಅವನು ಅಂದ. ಅಷ್ಟಕ್ಕೆ ಸರೋಜಾಳೂ ಹೊಲಿಗೆಯವರೂ ತಡೆದಿಟ್ಟ ನಗು ಒಟ್ಟಿಗೆ ಹೊರಬಿತ್ತು. ಕನ್ನಡ ಬಾರದಿದ್ದರೂ ನಕ್ಕರು.

ಚೀಟಿ ಬದಲಿಸಿ ಆ ಬನಿಯನ್ನುಗಳನ್ನು ಚಿಕ್ಕ ಅಳತೆಯಲ್ಲಿ ಬೇರೆ ಕಡೆ ಕಳಿಸಿದೆವು. ಈರೋಡಿಗೆ ಹೊಸದಾಗಿ ಹಾಸಿದೆವು, ಮಲಗಿಸಿ. ಹಾಸುತ್ತಾ ಹಾಸುತ್ತಾ ಸರ್ಕಾರದ ವಿಷಯ ಬಂದೇ ಬಂತು. ಅವನು ನನ್ನ ಪಕ್ಷವನ್ನು ಬೈದ, ನಾನು ಅವನದನ್ನು. ಯಾರೂ ಯಾರನ್ನೂ ಒಪ್ಪಿಸಲಿಲ್ಲ. ಮುಂದಿನ ಚುನಾವಣೆಯಲ್ಲೂ ನಮ್ಮ ಓಟುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಇಬ್ಬರೂ ಮನೆಯಲ್ಲೇ ಮಲಗಿದ್ದರೂ ಲೆಕ್ಕ ಒಂದೇ ಎಂದು ರುಕ್ಮಿಣಿ ಹೇಳುತ್ತಾಳೆ. ಆದರೂ ಹೋಗುತ್ತೇವೆ, ಒಂದೇ ಬೈಕಿನಲ್ಲಿ.

ಹೊಟ್ಟೆಕಿಚ್ಚು ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಬೆಳಗಿನ ಟೀಗೆ ಅವನು ಈಗಲೂ ಸೆಲ್ವರಾಜನ ಬೆಂಚಿಗೇ ಹೋಗುತ್ತಾನೆ. ಸೋತವನಿಗೆ ಸೋತವನ ಜೊತೆ ಅಳಲೂ ಒಂದಿಷ್ಟು ಹೊತ್ತು ಬೇಕು, ಗೆದ್ದವನು ಅಲ್ಲಿ ನುಗ್ಗಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೇಳಿಕೊಂಡು, ಆ ಹೊತ್ತಿನಲ್ಲಿ ನೂಲಿನ ಉಂಡೆ ಎಣಿಸುತ್ತೇನೆ, ಯಂತ್ರಕ್ಕೆ ಎಣ್ಣೆ ಹಾಕುತ್ತೇನೆ, ಟೀ ಅಂಗಡಿ ಕಾಣುವ ಕಿಟಕಿಯ ಕಡೆ ಹೋಗುವುದಿಲ್ಲ. ಒಂದೊಂದು ದಿನ ಹೋಗುತ್ತೇನೆ.

ಇವತ್ತಿಗೆ ನನ್ನ ಹತ್ತಿರ ಇರುವುದು: ಹೊಲಿಗೆ ಯಂತ್ರ ಹದಿನಾಲ್ಕು, ಅದರಲ್ಲಿ ಎರಡು ಕೆಟ್ಟಿವೆ. ಕತ್ತರಿಸುವ ಮೇಜು ಒಂದು. ಹೆಂಡತಿ ಒಬ್ಬಳು, ಹೆಣ್ಣುಮಕ್ಕಳು ಇಬ್ಬರು, ಅಳಿಯ ಒಬ್ಬ. ಬಾವ ಒಬ್ಬ, ಬೆಳಗಿನ ಟೀ ಹೊತ್ತನ್ನು ಕಳೆದು.