ವನಜಾ ಟೀಚರ್ ತೆಗೆದ ಅರ್ಧ ಫ್ರೇಮುಗಳು

ವನಜಾ ಟೀಚರ್ ನೆಗೆಟಿವ್‌ನಲ್ಲೇ ಮನುಷ್ಯರನ್ನು ಗುರುತಿಸುತ್ತಿದ್ದರು. ಕೂದಲು ಬಿಳಿ, ಮುಖ ಕಪ್ಪು, ಉಗುರಿಗಿಂತ ಸ್ವಲ್ಪ ದೊಡ್ಡ ಚಿತ್ರ. ಒಂದು ಕಣ್ಣು ಮುಚ್ಚಿ ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು, "ಇದು ನಮ್ಮ ಲೋಕಯ್ಯ. ಕಿವಿ ನೋಡು, ಸಂಶಯವೇ ಬೇಡ!" ಎನ್ನುವರು.

ಪುಂಜಾಲಕಟ್ಟೆ ಕಡೆಯ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಬಿಸ್ಕಿಟ್ ಡಬ್ಬಿಯ ತುಂಬ ನೆಗೆಟಿವ್ ಹಿಡಿದುಕೊಂಡು ಮೂಡುಬಿದಿರೆಯ ನನ್ನ ಸ್ಟುಡಿಯೋಗೆ ಬಂದಿದ್ದರು. ಅವರದು ಹಾಫ್ ಫ್ರೇಮ್ ಕ್ಯಾಮೆರಾ. ಒಂದು ಫೋಟೋದ ಜಾಗದಲ್ಲಿ ಎರಡು ಬೀಳುತ್ತವೆ. "ಮೂವತ್ತಾರರ ರೀಲಿನಲ್ಲಿ ಎಪ್ಪತ್ತೆರಡು ಮಾರಾಯ್ತಿ! ಕ್ಲಾಸಿನ ಒಂದು ಮಗುವನ್ನೂ ಬಿಡ್ಲಿಕ್ಕಿಲ್ಲ."

ನನ್ನ ಸ್ಕ್ಯಾನರ್ ಮಾತ್ರ ಆ ಎರಡನ್ನೂ ಒಂದೇ ಚಿತ್ರವೆಂದು ತಿಳಿದು ಒಟ್ಟಿಗೆ ಕೊಡುತ್ತಿತ್ತು. ನಡುವಿನ ಕಪ್ಪು ಗೆರೆ ನೋಡಿ ಬೇರ್ಪಡಿಸಬೇಕು. ವಾರಕ್ಕೊಮ್ಮೆ ಬಂದು ಪಕ್ಕದಲ್ಲಿ ಕೂರುವ ಟೀಚರ್, ಒಂದೊಂದು ಮುಖ ಮೂಡುವಾಗಲೂ ಕುರ್ಚಿಯಿಂದ ಅರ್ಧ ಎದ್ದುಬಿಡುತ್ತಿದ್ದರು. "ಹೆಸರು ಬರಿ, ಹೆಸರು ಬರಿ!"

ಬೇಗ ಮುಗಿಯಲೆಂದು ಒಮ್ಮೆ ನಾನು ಒಂದು ಇಡೀ ರೀಲನ್ನು ಸರಿ ಮಧ್ಯಕ್ಕೆ ಕತ್ತರಿಸಲು ಕಂಪ್ಯೂಟರಿಗೆ ಹೇಳಿ, ಕಪ್ಪು ಗೆರೆಯಾಚೆ ಅಂಚಿನಲ್ಲಿ ಉಳಿದ ಸಣ್ಣ ಚೂರುಗಳನ್ನು ಅಳಿಸಿದೆ. ಚಿತ್ರಗಳು ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹೋದವು. ಮರುವಾರ ಟೀಚರ್ ಇದ್ದಾಗಲೇ, ಚಾರ್ಮಾಡಿಯಿಂದ ಅವರ ಹಳೆ ವಿದ್ಯಾರ್ಥಿನಿ ಕುಸುಮಾ ಬಂದರು.

"ಟೀಚರ್, ಶಾಲೆ ಬಾವಿಯ ಹತ್ತಿರ ಫೋಟೋ ತೆಗೆಯುವಾಗ ಅಕ್ಕ ನನ್ನ ಬದಿಯಲ್ಲೇ ನಿಂತಿದ್ಳು. ಗುಂಪಿಗೆ ಬಂದ ಫೋಟೋದಲ್ಲಿ ಕಾಣ್ತಾ ಇಲ್ಲ."

ಅಕ್ಕ ಯಮುನಾ ಏಳನೇ ತರಗತಿಯಲ್ಲಿ ಜ್ವರದಿಂದ ತೀರಿಹೋಗಿದ್ದಳು. ಮನೆಯಲ್ಲಿ ಒಂದು ಫೋಟೋವೂ ಇಲ್ಲ. "ಅಮ್ಮನಿಗೆ ಅವಳ ಮುಖ ಮರೆತುಹೋಗ್ತಾ ಉಂಟಂತೆ," ಎಂದರು ಕುಸುಮಾ.

ಟೀಚರ್ ಡಬ್ಬಿ ತೆರೆದು, ನೆಗೆಟಿವ್ ಪಟ್ಟಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಇದ್ದಕ್ಕಿದ್ದಂತೆ ಕೂಗಿದರು: "ಇದ್ದಾಳೆ! ಇಲ್ಲೇ ಇದ್ದಾಳೆ ಯಮುನಾ!"

ಕ್ಯಾಮೆರಾದೊಳಗೆ ಸುತ್ತುವಾಗ ಫಿಲ್ಮ್ ತುಸು ಜಾರಿ, ಗೆರೆ ಮಧ್ಯದಿಂದ ಬದಿಗೆ ಸರಿದಿತ್ತು. ನಾನು ಕಸವೆಂದು ಅಳಿಸಿದ ಚೂರಿನಲ್ಲಿ ಅವಳು ನಿಂತಿದ್ದಳು.

ಮತ್ತೆ ಸ್ಕ್ಯಾನ್ ಮಾಡಿದೆ. ಈ ಸಲ ಗೆರೆಯನ್ನು ನಾನೇ ಹುಡುಕಿದೆ. ಬಿಗಿಯಾಗಿ ಹೆಣೆದ ಎರಡು ಜಡೆ, ನಗು ತಡೆದುಕೊಂಡ ಬಾಯಿ. ಕುಸುಮಾ ಅಳುತ್ತಲೇ ವಿಡಿಯೋ ಕಾಲ್ ಮಾಡಿ ತಾಯಿಗೆ ತೋರಿಸಿದರು. ಆ ಕಡೆಯಿಂದ ಮುದಿ ಧ್ವನಿಯೊಂದು ತುಳುವಿನಲ್ಲಿ ಹೇಳಿತು: ಆ ಜಡೆ ನಾನು ಹಾಕಿದ್ದು.

ಟೀಚರ್ ನನ್ನನ್ನು ಬೈಯಲಿಲ್ಲ. ಅವರಿಗೆ ಬೇರೆಯೇ ಹುರುಪು ಬಂದಿತ್ತು. "ಆ ರೀಲು ಪೂರ್ತಿ ಇನ್ನೊಮ್ಮೆ ನೋಡುವ. ಅಂಚಿನಲ್ಲಿ ಇನ್ನೂ ಯಾರೆಲ್ಲ ನಿಂತಿದ್ದಾರೋ!" ಆ ದಿನ ಊಟವನ್ನೂ ಮರೆತು ಕೂತೆವು, ಮತ್ತೆ ನಾಲ್ಕು ಮಕ್ಕಳು ಸಿಕ್ಕಿದರು.

ಟೀಚರ್ ಕೊನೆಯ ಬಾರಿ ಬಂದಾಗ ಕ್ಯಾಮೆರಾಕ್ಕೆ ಹೊಸ ರೀಲು ಹಾಕಿಸಿಕೊಂಡಿದ್ದರು. "ಇತ್ಲಾಗಿ ನೋಡ್ಬೇಡ, ಕೆಲಸ ಮಾಡ್ತಾ ಇರು," ಎಂದು ನನ್ನದೊಂದು ಫೋಟೋ ತೆಗೆದು ಬಸ್ಸಿಗೆ ಓಡಿದರು. ಆ ಮಳೆಗಾಲದಲ್ಲೇ ತೀರಿಕೊಂಡರು.

ಅವರ ತಮ್ಮ ಕ್ಯಾಮೆರಾವನ್ನು ನನಗೆ ಕೊಟ್ಟರು. ಒಳಗಿದ್ದ ರೀಲು ತೊಳೆಸಿ ಸ್ಕ್ಯಾನ್ ಮಾಡಿದೆ. ಎಡಗಡೆ, ತೆರೆಗೆ ಮೂಗು ತಾಗುವಷ್ಟು ಬಾಗಿ ಕೂತ ನಾನು. ಬಲಗಡೆ, ಅವರು ತೆಗೆಯದೆ ಉಳಿದ ಅರ್ಧ, ಬರೀ ಕಪ್ಪು. ಅದೊಂದನ್ನು ಬೇರ್ಪಡಿಸದೆ ಹಾಗೆಯೇ ಇಟ್ಟಿದ್ದೇನೆ.