ಅವ್ವ ತೊಳೆದ ಗೋಡೆ

ಕೃಷ್ಣೆ ಉಕ್ಕಿ ನಮ್ಮೂರು ಸಾಂಗ್ಲಿವಾಡಿಯೊಳಗೆ ಹೊಕ್ಕ ಆ ವರ್ಷ ನಮ್ಮ ಅಡುಗೆಮನೆಯಲ್ಲಿ ಎದೆಮಟ್ಟ ನೀರು ನಿಂತಿತ್ತು. ಪುಣ್ಯಕ್ಕೆ ಮನೆಗೆ ವಿಮೆ ಇತ್ತು. ಸಾಲ ಕೊಡುವಾಗ ಬ್ಯಾಂಕಿನವರೇ ಬಿಡದೆ ಮಾಡಿಸಿದ್ದು. ನೀರು ಕುಡಿದಿದ್ದ ಅಡುಗೆಮನೆಯ ಹಿಂಬದಿಯ ಮಣ್ಣಿನ ಗೋಡೆಯನ್ನು ಆ ಹಣದಲ್ಲೇ ಇಟ್ಟಿಗೆಯಿಂದ ಕಟ್ಟಿಸಬೇಕಿತ್ತು. ಬೇರೆ ದಾರಿ ನನಗಿರಲಿಲ್ಲ.

ನೀರು ಇಳಿದ ಕೂಡಲೇ ಸೇತುವೆ ದಾಟಿ ಸಾಂಗ್ಲಿಯ ವಿಮಾ ಕಚೇರಿಗೆ ಓಡಿದೆ. ಅವರು ಮಿರಜಿಗೆ ಅಟ್ಟಿದರು. ಮಿರಜಿನವರು ತಿರುಗಿ ಸಾಂಗ್ಲಿಗೇ ಅಟ್ಟಿದರು. ನಾನು ಹೀಗೆ ಬಸ್ಸಿನಲ್ಲಿ ಜೋತಾಡುತ್ತಿದ್ದಾಗ ಇಲ್ಲಿ ಅವ್ವ ನನ್ನ ಹೆಂಡತಿಯನ್ನು ಜೊತೆಗೆ ಹಚ್ಚಿಕೊಂಡು ಮನೆ ತೊಳೆದಳು. ನಮ್ಮದು ಜೈನರ ಮನೆ. ನೆನೆದ ಕಾಳಿನಲ್ಲಿ ಹುಳ ಹುಟ್ಟಿ ಸತ್ತರೆ ಪಾಪವೆಂದು ಜೋಳ, ಗೋಧಿ ಎಲ್ಲ ಹೊರಗೆ ಸಾಗಿಸಿದಳು. ಹೊಲಸು ನೀರು ಹೊಕ್ಕ ಜಾಗದಲ್ಲಿ ಒಲೆ ಹಚ್ಚಬಾರದೆಂದು ಗೋಡೆ ತಿಕ್ಕಿ ಸುಣ್ಣವನ್ನೂ ಬಳಿದಳು. ಬಹಳ ದಿನಗಳ ಮೇಲೆ ಬಿಸಿ ಊಟ ಕಂಡ ನನಗೂ ಏನೂ ಹೊಳೆಯಲಿಲ್ಲ.

ಆಮೇಲೆ ದಯಮಾಡಿಸಿದರು, ಹಾನಿ ನೋಡಿ ಬರೆಯುವ ಸರ್ವೇಯರ್ ಸಾಹೇಬರು. ನೆಲ ಎಷ್ಟು ಚೊಕ್ಕವಾಗಿತ್ತೆಂದರೆ ಬೂಟು ಬಾಗಿಲಲ್ಲೇ ಬಿಟ್ಟು ಬಂದರು. ನೀರು ಎಲ್ಲಿಯವರೆಗೆ ನಿಂತಿತ್ತೆಂದು ಮರಾಠಿಯಲ್ಲಿ ಕೇಳಿದರು. ನಾನು ಎದೆ ಮುಟ್ಟಿ ತೋರಿಸಿದೆ. ಅವರು ಗೋಡೆ ನೋಡಿದರು. ಒಂದು ಕಲೆಯೂ ಇರಲಿಲ್ಲ.

"ಚಾ ತಗೋರಿ ಸಾಹೇಬ್ರ. ಎಲ್ಲಾ ತೊಳದೇನ್ರಿ, ಸಂಕೋಚ ಮಾಡಬ್ಯಾಡ್ರಿ," ಎಂದಳು ಅವ್ವ.

ಸಾಹೇಬರು ಸಂಕೋಚ ಮಾಡಲಿಲ್ಲ. ಚಹಾ ಕುಡಿದು, ಗೋಡೆ ಗಟ್ಟಿಯಾಗಿದೆ ಎಂದು ಬರೆದುಕೊಂಡರು. ಇಡೀ ಊರೇ ಮುಳುಗಿತ್ತಲ್ಲ ಎಂದೆ. ಊರಿನದು ಗೊತ್ತು, ನಿಮ್ಮ ಗೋಡೆಯ ಮೇಲೆ ಗುರುತೆಲ್ಲಿ ಎಂದರು. ನನಗೆ ಮೈಯೆಲ್ಲ ಉರಿಯಿತು. ನೀರು ನಮ್ಮ ಮನೆಯೊಂದನ್ನೇ ಬಿಟ್ಟು ಸುತ್ತು ಹಾಕಿ ಹೋಯಿತೇ?

ಆ ಗಟ್ಟಿ ಗೋಡೆ ಬಿಸಿಲು ಬಿದ್ದಮೇಲೆ ಬಿರುಕು ಬಿಟ್ಟು ಒಂದು ಮಧ್ಯಾಹ್ನ ಒಲೆಯ ಮೇಲೇ ಕುಸಿಯಿತು. ಮತ್ತೆ ಕಚೇರಿಗೆ ಹೋದೆ. ಹೊಸ ಅರ್ಜಿ ಕೊಡಿ, ಯಾರಾದರೂ ಬಂದು ನೋಡುವವರೆಗೆ ಏನನ್ನೂ ಮುಟ್ಟಬೇಡಿ ಎಂದರು.

ಯಾರೂ ಬರಲಿಲ್ಲ. ಮಣ್ಣು ಬಿದ್ದ ಅಡುಗೆಮನೆಯಲ್ಲಿ ಬೇಯಿಸಲಾಗದೆ ಅವ್ವ ಪಕ್ಕದ ಮನೆಯವರು ಕೊಟ್ಟ ರೊಟ್ಟಿಯನ್ನೇ ಹೊತ್ತು ಮುಳುಗುವ ಮೊದಲು ತಿಂದು ಕೂರುತ್ತಿದ್ದಳು. ತನ್ನ ಮನೆ ಗುಡಿಸಲು ಅವಳು ಜೀವಮಾನದಲ್ಲಿ ಯಾರ ಅಪ್ಪಣೆಯನ್ನೂ ಕೇಳಿದವಳಲ್ಲ. ಈಗ ನಾನು ಹೊರಗಿನಿಂದ ಬಂದಾಗಲೆಲ್ಲ ಕಸಬರಿಗೆ ಹಿಡಿದು ಎದ್ದು ನಿಲ್ಲುತ್ತಿದ್ದಳು.

"ಬಾಳಾ, ಈಗರೆ ಗುಡಸ್ಲೇನು?"

"ಬ್ಯಾಡ ಅವ್ವಾ," ಎನ್ನುತ್ತಿದ್ದೆ. ಅವಳು ಮತ್ತೆ ಕೂರುತ್ತಿದ್ದಳು.